ಬೆಂಕಿ ಆರಿದ ಮೇಲೆ ಬರುವ ದುಡ್ಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲಿವೆ. ಕಾಡುಪ್ರಾಣಿಗಳಿಗೆ ಅಂತ ಸರ್ಕಾರ ಎತ್ತಿಡುವ ದುಡ್ಡು ಕಡಿಮೆಯಾದರೆ ಏನಾಗುತ್ತೆ ಅಂತ. ಹೋದ ಸಂಚಿಕೆಯಲ್ಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಸಣ್ಣ ಹುಲ್ಲೆ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದರ ಬೆನ್ನಿಗೇ ಬಂದ ಪ್ರಶ್ನೆಗಳಿವು. ಹಾಗಾಗಿ ಹಾವಿನ ಪ್ರಶ್ನೆ, ಜೇನಿನ ಪ್ರಶ್ನೆ, ಅಟ್ಟದ ಮೇಲೆ ಸೇರಿಕೊಂಡ ಗೂಬೆ ಮರಿಯ ಪ್ರಶ್ನೆ ಕಳಿಸಿದವರು ಒಂದು ತಿಂಗಳು ಕಾಯಬೇಕು. ಗೂಬೆ ಮರಿಯನ್ನು ಮಾತ್ರ ಓಡಿಸಬೇಡಿ, ರೆಕ್ಕೆ ಬಲಿತ ಮೇಲೆ ಅದೇ ಹೋಗುತ್ತೆ.

ಪ್ರಶ್ನೆ: ಬಜೆಟ್‌ನಲ್ಲಿ ದುಡ್ಡು ಕಡಿಮೆ ಮಾಡಿದರೆ ನಮ್ಮ ರಂಗಯ್ಯನದುರ್ಗಕ್ಕೆ ಏನು ನಷ್ಟ? ಕಾಡು ಅಲ್ಲೇ ಇರುತ್ತೆ, ಕೊಂಡುಕುರಿ ಅಲ್ಲೇ ಮೇಯುತ್ತೆ. ಅದಕ್ಕೇನು ಸಂಬಳ ಕೊಡಬೇಕಾ? (ಜಗಳೂರಿನ ಕಾಲೇಜು ವಿದ್ಯಾರ್ಥಿ)

ಕೊಂಡುಕುರಿಗೆ ಸಂಬಳ ಬೇಡ. ಅದರ ಹಿಂದೆ ಮುಂದೆ ನಡೆಯುವವರಿಗೆ ಬೇಕು.

ರಂಗಯ್ಯನದುರ್ಗ ಸುಮಾರು 77 ಚದರ ಕಿಲೋಮೀಟರ್ ಕಾಡು. 2011ರಲ್ಲಿ ವನ್ಯಧಾಮ ಆಯಿತು. ಸುತ್ತ ಹಳ್ಳಿ, ಸುತ್ತ ಮೆಕ್ಕೆಜೋಳದ ಹೊಲ, ಕುರಿ ಹಿಂಡು. ಮಳೆ ಕಡಿಮೆ, ಮರ ಕಡಿಮೆ, ಹುಲ್ಲು ಜಾಸ್ತಿ. ಡಿಸೆಂಬರ್ ದಾಟಿದರೆ ಆ ಹುಲ್ಲೆಲ್ಲ ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತೆ. ನೋಡೋಕೆ ಚೆಂದ, ಆದರೆ ಒಂದು ಬೀಡಿ ತುಂಡು ಸಾಕು.

ಅದಕ್ಕೇ ಬೆಂಕಿ ರೇಖೆ ಅಂತ ಮಾಡುತ್ತಾರೆ. ಕಾಡಿನ ಅಂಚಿಗೆ, ದಾರಿಯ ಎರಡೂ ಬದಿಗೆ, ಕೆಲವು ಮೀಟರ್ ಅಗಲಕ್ಕೆ ಹುಲ್ಲು ಸವರಿ, ಅದನ್ನು ಒಣಗಿಸಿ, ಮಂಜು ಇನ್ನೂ ಆರದ ಬೆಳಗಿನ ಹೊತ್ತಲ್ಲಿ ನಿಧಾನಕ್ಕೆ ಸುಡುತ್ತಾರೆ. ಹಸಿ ಸೊಪ್ಪಿನ ಬರಲು ಹಿಡಿದು ಸಾಲಾಗಿ ನಿಂತು, ಉರಿ ಆಚೆ ಹಾರದ ಹಾಗೆ ಬಡಿಯುತ್ತಾ ಹೋಗುತ್ತಾರೆ. ಕರಿ ಪಟ್ಟಿಯೊಂದು ಉಳಿಯುತ್ತದೆ. ಆಮೇಲೆ ಫೆಬ್ರುವರಿಯಲ್ಲೋ ಮಾರ್ಚ್‌ನಲ್ಲೋ ಎಲ್ಲಿಂದಾದರೂ ಬೆಂಕಿ ಬಂದರೆ ಆ ಪಟ್ಟಿಯ ಹತ್ತಿರ ಬಂದು ಸಾಯಬೇಕು. ಇದನ್ನು ಮಾಡುವುದು ಊರಿನ ಕೂಲಿಯವರು. ಆಮೇಲೆ ನಾಲ್ಕು ತಿಂಗಳು ಗುಡ್ಡದ ತುದಿಯಲ್ಲಿ ಕೂತು ಹೊಗೆ ಕಾಯುವವರೂ ಊರಿನವರೇ, ದಿನಗೂಲಿಯವರು, ಹೊರಗುತ್ತಿಗೆಯವರು.

ಈಗ ದುಡ್ಡು ಕಡಿತ ಆಯಿತು ಅಂತಿಟ್ಟುಕೊಳ್ಳಿ. ಕಾಯಂ ನೌಕರರ ಸಂಬಳ ನಿಲ್ಲಿಸೋಕೆ ಆಗುವುದಿಲ್ಲ. ಕರೆಂಟ್ ಬಿಲ್ ಕಟ್ಟಲೇಬೇಕು. ಅರ್ಧ ಕಟ್ಟಿದ ಗೋಡೆ ಮುಗಿಸಲೇಬೇಕು. ಉಳಿಯೋದು ಏನು? ವಾಚರ್ ಕೂಲಿ, ಜೀಪಿನ ಡೀಸೆಲ್, ಬೆಂಕಿ ರೇಖೆ, ಬೇಸಿಗೆಯಲ್ಲಿ ತೊಟ್ಟಿಗೆ ನೀರು ತುಂಬುವ ಟ್ಯಾಂಕರ್. ಕತ್ತರಿ ಅಲ್ಲೇ ಬೀಳುತ್ತೆ, ಯಾಕಂದ್ರೆ ಅಲ್ಲಿ ಕೂಗಿ ಕೇಳುವವರು ಯಾರೂ ಇಲ್ಲ.

ಹೋದ ವರ್ಷ ನಮ್ಮ ಬಯಲುಸೀಮೆಯ ಒಂದು ಕಾಡಿಗೆ ಹೋಗಿದ್ದೆ. ಯಾವ ಕಾಡು ಅಂತ ಹೇಳೋದಿಲ್ಲ, ಅಲ್ಲಿನವರ ಕೆಲಸಕ್ಕೆ ಕುತ್ತು ಬರಬಾರದು. ಐವತ್ತರ ಆಸುಪಾಸಿನ ವಾಚರ್ ಒಬ್ಬರು ಜೊತೆಗಿದ್ದರು. ಎಡಗಾಲಿನ ಬೂಟಿನ ಅಟ್ಟೆ ಬಿಟ್ಟುಹೋಗಿತ್ತು, ಅದನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದರು. ನಾಲ್ಕು ತಿಂಗಳಿಂದ ಕೂಲಿ ಬಂದಿರಲಿಲ್ಲ. ಊರಿನ ಅಂಗಡಿಯವನು ಉದ್ರಿ ನಿಲ್ಲಿಸಿದ್ದ. 'ಹಂಗಾದ್ರೆ ಯಾಕೆ ಬರ್ತೀರಿ' ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಗೊಬ್ಬರದ ಚೀಲವೊಂದನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಸುರಿದರು. ಎಲ್ಲವೂ ಉರುಳುಗಳು, ಬೈಕಿನ ಕ್ಲಚ್ ವೈರ್ ಬಿಚ್ಚಿ ಮಾಡಿದ್ದು. ಕೂತು ಎಣಿಸಿದೆ, ಇಪ್ಪತ್ಮೂರು ಇದ್ದವು. ಒಂದು ಉರುಳಿನ ಗಂಟಿನಲ್ಲಿ ಕಂದು ಕೂದಲು ಇನ್ನೂ ಸಿಕ್ಕಿಕೊಂಡಿತ್ತು. ಆ ಒಂದು ಬೇಸಿಗೆಯಲ್ಲಿ ಅವರೊಬ್ಬರೇ ಬೇಲಿ ಸಂದಿಯಿಂದ, ನೀರಿನ ದಾರಿಯಿಂದ ಕಿತ್ತು ತಂದಿದ್ದವು ಅವು.

ಅವರು ಮನೆಯಲ್ಲೇ ಇದ್ದಿದ್ದರೆ ಆ ಇಪ್ಪತ್ಮೂರೂ ಅಲ್ಲೇ ಇರುತ್ತಿದ್ದವು. ದುಡ್ಡು ಕಡಿತ ಅಂದ್ರೆ ಇದು. ಕಾಡು ಅಲ್ಲೇ ಇರುತ್ತೆ ಅಂದಿರಿ, ಇರುತ್ತೆ. ಅದರೊಳಗೆ ಏನಿರುತ್ತೆ ಅನ್ನೋದು ಇಂಥವರ ಕೂಲಿ ಮೇಲೆ ನಿಂತಿದೆ.

ಪ್ರಶ್ನೆ: ಒಂದು ಪೇಪರ್‌ನಲ್ಲಿ 'ಹುಲಿ ಆನೆಗೆ ಅನುದಾನ ಹೆಚ್ಚಳ' ಅಂತ ಓದಿದೆ. ಇನ್ನೊಬ್ಬರು ಕಡಿತ ಅಂತಾರೆ. ಯಾವುದು ಸರಿ? ನಾನು ಬ್ಯಾಂಕಿನಲ್ಲಿ ಇದ್ದವನು, ಲೆಕ್ಕ ಕೊಟ್ಟರೆ ಅರ್ಥ ಮಾಡ್ಕೋತೀನಿ. (ದಾವಣಗೆರೆ, ನಿವೃತ್ತ ನೌಕರರು)

ಎರಡೂ ಸರಿ. ಯಾವ ವರ್ಷದ ಪಕ್ಕ ಯಾವ ವರ್ಷ ಇಟ್ಟು ನೋಡ್ತೀರಿ ಅನ್ನೋದರ ಮೇಲಿದೆ.

2019-20ರ ಕೇಂದ್ರ ಬಜೆಟ್‌ನಲ್ಲಿ ಹುಲಿ ಯೋಜನೆಗೆ 350 ಕೋಟಿ ರೂಪಾಯಿ ಎತ್ತಿಟ್ಟಿದ್ದರು. ಮರುವರ್ಷ ಅದು 300 ಕೋಟಿ ಆಯಿತು. ಆ ವರ್ಷವೇ ಕೊರೋನಾ ಬಂತು, ವರ್ಷದ ನಡುವೆ ಲೆಕ್ಕ ಪರಿಷ್ಕರಣೆ ಮಾಡಿದಾಗ 200 ಕೋಟಿಗೂ ಕೆಳಗೆ ಇಳಿಯಿತು. 2023ರಲ್ಲಿ ಹುಲಿ ಯೋಜನೆಯನ್ನೂ 1992ರಲ್ಲಿ ಶುರುವಾಗಿದ್ದ ಆನೆ ಯೋಜನೆಯನ್ನೂ ಸೇರಿಸಿ ಒಂದೇ ಲೆಕ್ಕಕ್ಕೆ ತಂದರು. ಎರಡೂ ಸೇರಿ 2024-25ಕ್ಕೆ 245 ಕೋಟಿ, 2025-26ಕ್ಕೆ 290 ಕೋಟಿ. 245ರ ಪಕ್ಕ 290 ಇಟ್ಟರೆ ಹೆಚ್ಚಳ. ಆರು ವರ್ಷದ ಹಿಂದೆ ಹುಲಿ ಒಂದಕ್ಕೇ 350 ಇತ್ತು ಅನ್ನೋದನ್ನು ಪಕ್ಕಕ್ಕೆ ಇಟ್ಟರೆ?

ಇನ್ನೊಂದು ಲೆಕ್ಕವನ್ನೂ ಇದರ ಜೊತೆ ನೋಡಬೇಕು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಇದ್ದದ್ದು 9 ಹುಲಿ ಸಂರಕ್ಷಿತ ಪ್ರದೇಶಗಳು, ಅದರಲ್ಲಿ ನಮ್ಮ ಬಂಡೀಪುರವೂ ಒಂದು. 2019ರ ಹೊತ್ತಿಗೆ 50 ಆಗಿದ್ದವು. 2025ರ ಮಾರ್ಚ್‌ಗೆ 58. ಹುಲಿಗಳೂ ಜಾಸ್ತಿಯಾಗಿವೆ. 2006ರ ಎಣಿಕೆಯಲ್ಲಿ 1,411 ಅಂತ ಅಂದಾಜು ಮಾಡಿದ್ದರು, 2022ರಲ್ಲಿ 3,682. ಕರ್ನಾಟಕದಲ್ಲೇ 563. ಉಣ್ಣುವ ಎಲೆ ಜಾಸ್ತಿ ಆಗಿದೆ, ಹಂಡೆಯೊಳಗಿನ ಅನ್ನ ಇಳಿದಿದೆ. ಡೀಸೆಲ್ ಬೆಲೆ, ಕೂಲಿ ಬೆಲೆ ಈ ಆರು ವರ್ಷದಲ್ಲಿ ಎಷ್ಟು ಏರಿತು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಆದರೆ ನೀವು ಬ್ಯಾಂಕಿನವರು ಅಂದಿದ್ದಕ್ಕೆ ನನಗೆ ಮುಖ್ಯ ಅನ್ನಿಸುವ ಮಾತು ಹೇಳಿಬಿಡುತ್ತೇನೆ. ಫೆಬ್ರುವರಿಯಲ್ಲಿ ಓದುವ ಅಂಕಿಗಿಂತ ದುಡ್ಡು ಯಾವ ತಿಂಗಳು ಕೈಗೆ ಬಂತು ಅನ್ನೋದು ದೊಡ್ಡದು. ಹುಲಿ ಕಾಡಿನ ದಿನನಿತ್ಯದ ಖರ್ಚಿನಲ್ಲಿ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಮೊದಲು ಕಾಡಿನವರು ವರ್ಷದ ಕೆಲಸದ ಪಟ್ಟಿ ಕಳಿಸಬೇಕು. ಅದು ಒಪ್ಪಿಗೆಯಾಗಬೇಕು. ಮೊದಲ ಕಂತು ಬರಬೇಕು. ಹಳೇ ದುಡ್ಡು ಹೀಗೆ ಖರ್ಚಾಯಿತು ಅಂತ ಬಳಕೆ ಪತ್ರ ಕೊಡಬೇಕು. ಆಮೇಲೆ ಎರಡನೇ ಕಂತು. ಇದರಲ್ಲಿ ಒಂದು ಮೇಜಿನ ಮೇಲೆ ಕಾಗದ ತಡವಾದರೂ ಇಡೀ ಸಾಲು ತಡ. ಕೊನೆಗೆ ಎಷ್ಟೋ ಕಡೆ ದುಡ್ಡು ಕೈಗೆ ಸಿಗುವುದು ಮಾರ್ಚ್‌ನಲ್ಲಿ, 31ರೊಳಗೆ ಖರ್ಚು ಮಾಡು ಅನ್ನುವ ಷರತ್ತಿನ ಜೊತೆ. ಬೆಂಕಿ ರೇಖೆ ಮಾಡಬೇಕಿದ್ದದ್ದು ಡಿಸೆಂಬರ್‌ನಲ್ಲಿ. ಮಾರ್ಚ್ 20ಕ್ಕೆ ಬಂದ ದುಡ್ಡಿನಲ್ಲಿ ಏನು ಸವರುತ್ತೀರಿ? ಬೂದಿಯನ್ನಾ? 2019ರಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಸಾವಿರಾರು ಎಕರೆ ತಿಂದಿತಲ್ಲ, ಅದು ಫೆಬ್ರುವರಿಯಲ್ಲಿ. ಬೆಂಕಿ ನಮ್ಮ ಆರ್ಥಿಕ ವರ್ಷ ನೋಡಿಕೊಂಡು ಬರುವುದಿಲ್ಲ.

ಹಾಗಾಗಿ ನಿಮ್ಮ ಶಾಸಕರನ್ನೋ ಸಂಸದರನ್ನೋ ಕೇಳುವ ಅವಕಾಶ ಸಿಕ್ಕರೆ 'ಎಷ್ಟು ಕೋಟಿ' ಅಂತ ಕೇಳಬೇಡಿ. 'ಯಾವ ತಾರೀಖಿಗೆ ತಲುಪಿತು' ಅಂತ ಕೇಳಿ.

ಪ್ರಶ್ನೆ: ಹುಲಿ ಇಲ್ಲದ ಕಾಡಿಗೂ ಈ ದುಡ್ಡು ಬರುತ್ತಾ? (ಹೊಸದುರ್ಗ)

ಹುಲಿ ಯೋಜನೆಯ ದುಡ್ಡು ಬರುವುದಿಲ್ಲ. ವನ್ಯಧಾಮಗಳಿಗೆ ಬೇರೆ ಯೋಜನೆ ಇದೆ, ಅದು ಬಹಳ ಜನಕ್ಕೆ ಹಂಚಿಹೋಗುವ ಸಣ್ಣ ಗಂಟು. ಹುಲಿ ಕಾಡಿಗೆ ಇನ್ನೊಂದು ಅನುಕೂಲ ಇದೆ, ಸಫಾರಿ ಟಿಕೆಟಿನ ದುಡ್ಡು ಅಲ್ಲಿನ ಹುಲಿ ಪ್ರತಿಷ್ಠಾನಕ್ಕೆ ಸೇರಿ ಅದೇ ಕಾಡಿಗೆ ಬಳಕೆಯಾಗುವ ಹಾಗೆ ಕಾನೂನೇ ಇದೆ. ಸರ್ಕಾರದ ಕಂತು ತಡವಾದರೂ ಕೈಯಲ್ಲಿ ನಾಲ್ಕು ಕಾಸು ಇರುತ್ತೆ. ನಮ್ಮ ರಂಗಯ್ಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ, ನಿಮ್ಮ ಕಡೆಯ ಉತ್ತರೇಗುಡ್ಡ ಇವಕ್ಕೆಲ್ಲ ಆ ಆಸರೆ ಇಲ್ಲ. ಕಡಿತದ ಪೆಟ್ಟು ಇಂಥ ಕಾಡುಗಳಿಗೇ ಮೊದಲು ತಾಗುತ್ತೆ. ನನಗೆ ಹೊಟ್ಟೆಯುರಿ ಇರುವುದೂ ಇದೇ ವಿಷಯಕ್ಕೆ. ಚಿರತೆ, ಕರಡಿ, ಕೊಂಡುಕುರಿ, ಕತ್ತೆಕಿರುಬ, ನವಿಲು ಇಷ್ಟೆಲ್ಲ ಇಟ್ಟುಕೊಂಡ ಕುರುಚಲು ಕಾಡನ್ನು ಬರೀ ಕಲ್ಲುಗುಡ್ಡ ಅಂತ ನೋಡುವ ಅಭ್ಯಾಸ ನಮ್ಮ ಜಿಲ್ಲೆಯವರಿಗೂ ಇದೆ.

ಪ್ರಶ್ನೆ: ದುಡ್ಡು ನಿಲ್ಲಿಸಿದ್ರೆ ಒಳ್ಳೇದೇ ಆಯ್ತು ಅಲ್ವಾ? ಎರಡು ಎಕರೆ ಮೆಕ್ಕೆಜೋಳ ಹಂದಿ ಪಾಲಾಯ್ತು. ಅಡಿಕೆ ತೋಟಕ್ಕೆ ಕರಡಿ ಬರುತ್ತೆ. ಪ್ರಾಣಿಗೆ ಯಾಕೆ ಕೋಟಿಗಟ್ಟಲೆ? (ಹೊಳಲ್ಕೆರೆ ತಾಲ್ಲೂಕಿನ ರೈತರು)

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ. ಹಾಲುಗಾಳು ಕಟ್ಟುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ನುಗ್ಗಿ, ತಿಂದಿದ್ದಕ್ಕಿಂತ ಮಲಗಿಸಿದ್ದೇ ಜಾಸ್ತಿಯಾದ ಹೊಲ ನಾನೂ ನೋಡಿದ್ದೇನೆ. ಬೆಳಿಗ್ಗೆ ಬದುವಿನ ಮೇಲೆ ನಿಂತ ಮನುಷ್ಯನಿಗೆ ಕಾಡಿನ ಮಹತ್ವ ಹೇಳಲು ಹೋಗಬಾರದು.

ಒಂದು ಮಾತು ಮಾತ್ರ. ನಿಮಗೆ ಬರಬೇಕಾದ ಬೆಳೆ ಪರಿಹಾರವೂ ಅದೇ ಅರಣ್ಯ ಇಲಾಖೆಯ ಕೈಯಿಂದಲೇ ಬರಬೇಕು. ಚಿರತೆ ಬಂದಾಗ ಬೋನು ತರುವ ಗಾಡಿ, ಅದಕ್ಕೆ ಡೀಸೆಲ್, ಕರಡಿಗೆ ಅರಿವಳಿಕೆ ಚುಚ್ಚುವ ವೈದ್ಯರು, ರಾತ್ರಿ ಫೋನ್ ಎತ್ತುವ ಹುಡುಗ ಎಲ್ಲವೂ ಅದೇ ಗಂಟಿನದ್ದು. ಗಂಟು ಸಣ್ಣದಾದರೆ ಹಂದಿಗೆ ಏನೂ ಆಗುವುದಿಲ್ಲ. ಅದು ಬರುತ್ತೆ, ತಿನ್ನುತ್ತೆ. ಬರದೇ ಇರೋದು ನಿಮ್ಮ ಪರಿಹಾರ.

2023ರ ಏಪ್ರಿಲ್ ನೆನಪಿದೆಯಾ? ಚನ್ನಗಿರಿ ತಾಲ್ಲೂಕಿನಲ್ಲಿ ಆನೆ ದಾಳಿಗೆ ಒಬ್ಬ ಹುಡುಗಿ ತೀರಿಕೊಂಡಳು. ಆಮೇಲೆ ನ್ಯಾಮತಿ ಕಡೆ ಆನೆ ಹಿಡಿಯುವ ಕಾರ್ಯಾಚರಣೆಯಲ್ಲಿ ವನ್ಯಜೀವಿ ವೈದ್ಯರೊಬ್ಬರ ಮೇಲೇ ಆನೆ ತಿರುಗಿಬಿತ್ತು, ಜೋರು ಪೆಟ್ಟಾಯಿತು. ದಾವಣಗೆರೆ ಜಿಲ್ಲೆಗೆ ಆನೆ ಬರುತ್ತೆ ಅಂತ ನಮ್ಮಲ್ಲಿ ಯಾರು ಅಂದುಕೊಂಡಿದ್ದರು? ಅಂಥ ದಿನಕ್ಕೆ ತರಬೇತಿ ಆದ ಜನ, ಸಾಕಾನೆ, ಔಷಧಿ, ಗಾಡಿ ಮೊದಲೇ ಸಿದ್ಧ ಇರಬೇಕು. ಸಾವಾದ ಮೇಲೆ ಬಿಡುಗಡೆ ಮಾಡುವ ದುಡ್ಡಿನಿಂದ ಅದು ಆಗುವುದಿಲ್ಲ.

ನಿಮ್ಮ ಕೆಲಸದ ವಿಷಯಕ್ಕೆ ಬರುತ್ತೇನೆ. ಹಾಳಾದ ದಿನವೇ ಫೋನಿನಲ್ಲಿ ಫೋಟೊ ತೆಗೆಯಿರಿ, ಹೊಲ ಪೂರ್ತಿ ಕಾಣುವ ಹಾಗೊಂದು, ಹೆಜ್ಜೆ ಗುರುತಿನದ್ದೊಂದು. ಪಹಣಿ, ಆಧಾರ್, ಪಾಸ್‌ಬುಕ್ ನಕಲು ಹಚ್ಚಿ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಸ್ವೀಕೃತಿ ತಗೊಳ್ಳದೇ ಬರಬೇಡಿ. ಮತ್ತೆ, ದಯವಿಟ್ಟು, ಬೇಲಿಗೆ ಕರೆಂಟ್ ಕೊಡಬೇಡಿ, ಸಿಡಿಮದ್ದು ಇಡಬೇಡಿ. ಅದಕ್ಕೆ ಸಿಕ್ಕಿದ್ದು ಪಕ್ಕದ ಮನೆಯ ಎಮ್ಮೆ, ಕೆಲವು ಸಲ ಪಕ್ಕದ ಮನೆಯ ಮಗ.

ಪ್ರಶ್ನೆ: ಅಮೆರಿಕ ಸರ್ಕಾರ ವಿದೇಶಿ ನೆರವು ನಿಲ್ಲಿಸಿದ್ದರಿಂದ ಕಾಡುಪ್ರಾಣಿಗಳಿಗೂ ತೊಂದರೆ ಆಗಿದೆಯಂತೆ. ಅಲ್ಲಿನ ದುಡ್ಡಿಗೂ ಇಲ್ಲಿನ ಆನೆಗೂ ಏನು ಸಂಬಂಧ? (ಹರಿಹರದ ಶಿಕ್ಷಕಿ)

ಸಂಬಂಧ ಇದೆ, ಹಳೆಯದು. 1994ರಲ್ಲಿ ಅಲ್ಲಿನ ಸಂಸತ್ತು ಘೇಂಡಾಮೃಗ ಮತ್ತು ಹುಲಿಗಳ ರಕ್ಷಣೆಗೆ ಒಂದು ಕಾನೂನು ಮಾಡಿ ನಿಧಿ ಇಟ್ಟಿತು. 1997ರಲ್ಲಿ ಏಷ್ಯಾದ ಆನೆಗಳಿಗೆ ಅಂತಲೇ ಇನ್ನೊಂದು. ಆ ದೇಶದ ಕಾಡಿನಲ್ಲಿ ಹುಲಿಯೂ ಇಲ್ಲ, ಆನೆಯೂ ಇಲ್ಲ, ಆದರೂ ಇಟ್ಟರು. 2011ರಲ್ಲಿ ಹುಲಿಮರಿಯ ಚಿತ್ರ ಇರುವ ಒಂದು ಅಂಚೆಚೀಟಿ ತಂದರು. ಮಾಮೂಲಿ ಚೀಟಿಗಿಂತ ಸ್ವಲ್ಪ ಬೆಲೆ ಜಾಸ್ತಿ, ಆ ಜಾಸ್ತಿ ಪೈಸೆ ಇಂಥ ನಿಧಿಗಳಿಗೆ. ನಿಮ್ಮ ಮಕ್ಕಳಿಗೆ ಇದನ್ನು ಹೇಳಿ, ಇಷ್ಟವಾಗುತ್ತೆ.

2025ರ ಜನವರಿ 20ರಂದು ಅಲ್ಲಿನ ಹೊಸ ಸರ್ಕಾರ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಜುಲೈ 1ರ ಹೊತ್ತಿಗೆ ನೆರವು ಕೊಡುತ್ತಿದ್ದ ದೊಡ್ಡ ಸಂಸ್ಥೆ ಯುಎಸ್‌ಎಐಡಿ ಬಾಗಿಲೇ ಹಾಕಿತು. ಜೋರು ಪೆಟ್ಟು ಬಿದ್ದದ್ದು ಆಫ್ರಿಕಾದಂಥ ಕಡೆ, ಅಲ್ಲಿ ಕಾವಲುಗಾರರ ಸಂಬಳವೇ ಎಷ್ಟೋ ಕಡೆ ಹೊರಗಿನ ದುಡ್ಡಿನಿಂದ ನಡೆಯುತ್ತಿತ್ತು. ನಮ್ಮ ಬಂಡೀಪುರ, ನಾಗರಹೊಳೆ ನಮ್ಮದೇ ತೆರಿಗೆ ದುಡ್ಡಿನಲ್ಲಿ ನಡೆಯುತ್ತವೆ, ಹಾಗಾಗಿ ನೇರ ಪೆಟ್ಟಿಲ್ಲ. ನಮ್ಮ ಕಾಡಿನ ಖರ್ಚು ನಮ್ಮದೇ ಅನ್ನೋದು ನನಗೆ ಹೆಮ್ಮೆ. ಅದಕ್ಕೇ ಇಲ್ಲಿ ಕಡಿತವಾದಾಗ ನೋವೂ ಜಾಸ್ತಿ, ಹೊರಗಿನಿಂದ ತುಂಬಿಕೊಡುವವರು ಯಾರೂ ಇಲ್ಲ.

ಪ್ರಶ್ನೆ: ಕಾಂಪಾ ನಿಧಿಯಲ್ಲಿ ಸಾವಿರಾರು ಕೋಟಿ ಬಿದ್ದಿದೆ ಅಂತಾರೆ. ಅದನ್ನು ಬಳಸಿದರೆ ಆಗಲ್ವಾ? (ಚಿತ್ರದುರ್ಗ)

ದುಡ್ಡು ಇರೋದು ನಿಜ. ಗಣಿಗೆ, ರಸ್ತೆಗೆ, ಅಣೆಕಟ್ಟಿಗೆ ಕಾಡಿನ ಜಾಗ ಬಿಟ್ಟುಕೊಟ್ಟಾಗ ಅದನ್ನು ಪಡೆದವರು ಬದಲಿಗೆ ಗಿಡ ಬೆಳೆಸಲು ಕಟ್ಟಬೇಕಾದ ದುಡ್ಡು ಅದು. ವರ್ಷಗಟ್ಟಲೆ ಕೂಡಿ ಬಿದ್ದಿತ್ತು. 2016ರಲ್ಲಿ ಕಾನೂನಾಯಿತು, 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 47,436 ಕೋಟಿ ರೂಪಾಯಿಯನ್ನು ರಾಜ್ಯಗಳಿಗೆ ಹಂಚಿತು.

ಅದರಿಂದ ಒಳ್ಳೆಯ ಕೆಲಸ ಆಗುತ್ತೆ, ಇಲ್ಲ ಅನ್ನೋದಿಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ಬಜೆಟ್ ದುಡ್ಡು ಕಡಿಮೆ ಮಾಡೋದು ತಪ್ಪು ಅಂತ ನನ್ನ ಅಭಿಪ್ರಾಯ. ಕಾರಣ ನಿಮ್ಮ ಊರಿನಲ್ಲೇ ಕಾಣುತ್ತೆ. ಕೋಟೆ ಮೇಲೆ ನಿಂತು ಸುತ್ತ ನೋಡಿ, ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರ. ಭೀಮಸಮುದ್ರದ ಕಡೆ ಹೋದರೆ ಅದಿರು ಗಣಿ. ಕಾಡಿನ ಜಾಗ ಹೀಗೆ ಬೇರೆ ಕೆಲಸಕ್ಕೆ ಹೋದಾಗಲೇ ಆ ನಿಧಿಗೆ ದುಡ್ಡು ಬೀಳುವುದು. ಅಂದರೆ ಆ ನಿಧಿ ತುಂಬಬೇಕಾದರೆ ಕಾಡು ಹೋಗುತ್ತಲೇ ಇರಬೇಕು. ಮನೆ ತೊಲೆ ಮಾರಿ ಮನೆ ನಡೆಸಿದ ಹಾಗೆ.

ಇನ್ನೊಂದು ತೊಡಕು. ಗಿಡ ನೆಡೋದು ಸುಲಭ, ಲೆಕ್ಕಕ್ಕೂ ಸಿಗುತ್ತೆ. ಆದರೆ ಕೊಂಡುಕುರಿಗೆ, ಕೃಷ್ಣಮೃಗಕ್ಕೆ ಹುಲ್ಲುಗಾವಲು ಬೇಕು. ಬಯಲಿನಲ್ಲಿ ಗುಂಡಿ ತೆಗೆದು ಸಾಲಾಗಿ ನೀಲಗಿರಿನೋ ಅಕೇಶಿಯಾನೋ ಬೆಳೆಸಿದರೆ ಕಾಗದದ ಮೇಲೆ ಕಾಡು ಹೆಚ್ಚಿತು, ಆ ಪ್ರಾಣಿಗಳಿಗೆ ಮನೆ ಹೋಯಿತು. ಪಕ್ಕದ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು. ಈಗ ಇಲ್ಲ. ನೀಲಗಿರಿ ತೋಪು ಬೇಕಾದಷ್ಟು ಇದೆ.

ಪ್ರಶ್ನೆ: ನಾನು ಏಳನೇ ಕ್ಲಾಸು. ನನ್ನ ಹುಂಡಿಯಲ್ಲಿ 340 ರೂಪಾಯಿ ಇದೆ. ಯಾರಿಗೆ ಕಳಿಸಲಿ? (ಭರಮಸಾಗರ)

ನಿನ್ನ ಪತ್ರವನ್ನು ಮೂರು ಸಲ ಓದಿದೆ ಮಗೂ. ದುಡ್ಡು ಹುಂಡಿಯಲ್ಲೇ ಇರಲಿ, ಸ್ವಲ್ಪ ಕೂಡಿಸು. ನಿಮ್ಮ ಕ್ಲಾಸಿನವರೆಲ್ಲ ಸೇರಿದರೆ ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯದಲ್ಲೋ ಆನಗೋಡಿನ ಮೃಗಾಲಯದಲ್ಲೋ ಒಂದು ಪ್ರಾಣಿಯನ್ನೋ ಹಕ್ಕಿಯನ್ನೋ ದತ್ತು ತಗೊಳ್ಳಬಹುದು. ನಿಮ್ಮ ಟೀಚರ್ ಹೋಗಿ ಕೇಳಿದರೆ ಯಾವುದಕ್ಕೆ ಎಷ್ಟು ಅಂತ ಹೇಳುತ್ತಾರೆ.

ಕಾಡಿಗೆ ನೀನು ಮಾಡಬಹುದಾದ ಕೆಲಸ ಬೇರೆ ಇದೆ. ಗುಡ್ಡದ ಮೇಲೆ ಹೊಗೆ ಕಂಡರೆ ಮನೆಯವರಿಗೆ ಹೇಳಿ 1926ಕ್ಕೆ ಫೋನ್ ಮಾಡಿಸು. ಅದು ಅರಣ್ಯ ಸಹಾಯವಾಣಿ. ಊರು, ಗುಡ್ಡದ ಹೆಸರು, ಯಾವ ದಿಕ್ಕು ಅಂತ ಸರಿಯಾಗಿ ಹೇಳಬೇಕು. ಕಾವಲಿಗೆ ಜನ ಕಡಿಮೆ ಇರುವ ಕಾಡಿಗೆ ನಿನ್ನ ಎರಡು ಕಣ್ಣು ಬಹಳ ದೊಡ್ಡದು.

ಪ್ರಶ್ನೆ: ನೀವು ಕೊಂಡುಕುರಿ ಕಣ್ಣಾರೆ ನೋಡಿದ್ದೀರಾ? ನಾವು ಮೂರು ಸಲ ಹೋದರೂ ಕಾಣಲಿಲ್ಲ. (ದಾವಣಗೆರೆ)

ಹಲವು ಸಲ ಹೋಗಿ ಎರಡೇ ಸಲ ನೋಡಿದ್ದೇನೆ. ಜಿಂಕೆ ಹಾಗೆ ಹಿಂಡಿನಲ್ಲಿ ಇರುವುದಿಲ್ಲ, ಒಂದೋ ಎರಡೋ. ಎತ್ತರ ನಮ್ಮ ಮನೆ ಮೇಕೆಯಷ್ಟು. ನಾಲ್ಕು ಕೊಂಬು ಗಂಡಿಗೆ ಮಾತ್ರ, ಮುಂದಿನ ಎರಡು ಬಹಳ ಸಣ್ಣವು. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹಿಕ್ಕೆಯನ್ನು ಒಂದೇ ಜಾಗಕ್ಕೆ ಬಂದು ಹಾಕುತ್ತೆ, ಹಾಗಾಗಿ ಹಿಕ್ಕೆ ಗುಡ್ಡೆ ಕಂಡರೆ ಅದರ ದಾರಿ ಸಿಕ್ಕಿತು ಅಂತ ಲೆಕ್ಕ. ಮರಿಗಳು ಅಪಾಯ ಬಂದರೆ ಓಡುವುದಿಲ್ಲ, ಹುಲ್ಲಿನಲ್ಲಿ ಮುದುಡಿ ಕೂರುತ್ತವೆ. ಹುಲ್ಲಿಗೆ ಬೆಂಕಿ ಬಿದ್ದರೂ ಹಾಗೇ ಕೂರುತ್ತವೆ.

ಎರಡನೇ ಸಲ ನೋಡಿದ್ದು ಏಪ್ರಿಲ್ ಕೊನೆಯಲ್ಲಿ. ಇದಕ್ಕೆ ಬೇಸಿಗೆಯಲ್ಲೂ ನೀರು ಬೇಕೇ ಬೇಕು. ತೊಟ್ಟಿಗೆ ಅವತ್ತೇ ಟ್ಯಾಂಕರ್ ನೀರು ಹಾಕಿ ಹೋಗಿದ್ದರು, ಅಂಚಿನ ಮಣ್ಣು ಇನ್ನೂ ಒದ್ದೆ ಇತ್ತು. ಕತ್ತಲಾಗೋಕೆ ಹತ್ತು ನಿಮಿಷ ಇರುವಾಗ ತುಗ್ಗಲಿ ಗಿಡದ ಹಿಂದಿಂದ ಒಂದು ಹೆಣ್ಣು ಬಂತು. ಒಂದು ಹೆಜ್ಜೆ ಇಡುತ್ತೆ, ನಿಲ್ಲುತ್ತೆ, ಕಿವಿ ತಿರುಗಿಸುತ್ತೆ, ಮತ್ತೆ ಒಂದು ಹೆಜ್ಜೆ. ಮುಂಗಾಲು ಎತ್ತಿದರೆ ಅದರ ಮುಂಭಾಗದಲ್ಲಿ ಕರಿ ಗೆರೆ. ತೊಟ್ಟಿಯ ಹತ್ತಿರ ಬಂದು ಕುಡಿಯದೇ ಬಹಳ ಹೊತ್ತು ನಿಂತಿತ್ತು. ಆಮೇಲೆ ತಲೆ ತಗ್ಗಿಸಿ ಕುಡಿಯಿತು. ನೀರು ಗುಟುಕರಿಸುವ ಸದ್ದು ನಾನು ಕೂತ ಬಂಡೆಯ ತನಕ ಕೇಳುತ್ತಿತ್ತು.